ಕೋಟೆ ದಾರಿಯ ಹಳೆಯ ಜೀಪು

ಮೈಸೂರಿನಿಂದ ಮಾನಂದವಾಡಿ ರಸ್ತೆ ಹಿಡಿದು ಹೊರಟರೆ ಸುಮಾರು 50 ಕಿ.ಮೀ. ದೂರದಲ್ಲಿ ಹೆಗ್ಗಡದೇವನಕೋಟೆ ಸಿಗುತ್ತದೆ. ಊರಿನ ಪೂರ್ತಿ ಹೆಸರನ್ನು ಹೇಳುವವರು ಕಡಿಮೆ. ಬಸ್ಸಿನ ಬೋರ್ಡಿನಲ್ಲಿ ಅದು ಎಚ್.ಡಿ. ಕೋಟೆ, ಸುತ್ತಲಿನ ಹಳ್ಳಿಯವರ ಬಾಯಲ್ಲಿ ಬರೀ ‘ಕೋಟೆ’. ಸರಗೂರು ಪ್ರತ್ಯೇಕ ತಾಲ್ಲೂಕಾಗುವ ಮೊದಲು ಕಬಿನಿ, ನುಗು, ತಾರಕ, ಹೆಬ್ಬಳ್ಳ ಹೀಗೆ ನಾಲ್ಕು ಜಲಾಶಯಗಳಿದ್ದ ತಾಲ್ಲೂಕು ಇದು. ರಾಗಿ, ಹತ್ತಿ, ಹೊಗೆಸೊಪ್ಪಿನ ಹೊಲಗಳು, ನಡುನಡುವೆ ಹೊಗೆಸೊಪ್ಪು ಬೇಯಿಸುವ ಎತ್ತರದ ಬ್ಯಾರನ್‌ಗಳು. ಅಂತರಸಂತೆ ದಾಟುತ್ತಲೇ ಹೊಲಗಳು ಹಿಂದೆ ಸರಿದು ಕಾಡು ಎದುರಾಗುತ್ತದೆ.

ಈ ಕಾಡಿನ ಅಂಚಿನಲ್ಲೇ ಕಾರಾಪುರವಿದೆ. ಮೈಸೂರು ಅರಸರ ಕಾಲದಲ್ಲಿ ಕಾಕನಕೋಟೆಯ ಖೆಡ್ಡಾ ನೋಡಲು ದೇಶ ವಿದೇಶಗಳ ಗಣ್ಯರು ಬಂದು ಬಿಡಾರ ಹೂಡುತ್ತಿದ್ದ ಸ್ಥಳ. ‘ಎಲಿಫೆಂಟ್ ಬಾಯ್’ ಎಂಬ 1937ರ ಇಂಗ್ಲಿಷ್ ಚಿತ್ರದಲ್ಲಿ ನಟಿಸಿ ಹಾಲಿವುಡ್‌ವರೆಗೆ ಹೋದ ಸಾಬು ಹುಟ್ಟಿದ್ದೂ ಇಲ್ಲಿಯೇ. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮೂರು ವರ್ಷಗಳ ನಂತರ, 1974ರಲ್ಲಿ ಕಬಿನಿ ಅಣೆಕಟ್ಟು ಪೂರ್ಣಗೊಂಡು ಆ ಕಾಡಿನ ಒಂದು ಭಾಗ ನೀರಿನಡಿ ಸೇರಿತು. ಅರಸರ ಬೇಟೆಯ ಬಂಗಲೆ ಇಂದು ಪ್ರವಾಸಿಗರ ತಂಗುದಾಣ.

ಮಳೆಗಾಲದಲ್ಲಿ ಕೆಸರಾಗುವ ಇಂಥ ಕಾಡುದಾರಿಗಳಿಗೆ ಹೇಳಿ ಮಾಡಿಸಿದ ವಾಹನವೆಂದರೆ ಜೀಪು. ಎರಡನೇ ಮಹಾಯುದ್ಧಕ್ಕೆಂದು ಅಮೆರಿಕದಲ್ಲಿ ತಯಾರಾದ ವಿಲ್ಲಿಸ್ ಜೀಪನ್ನು 1940ರ ದಶಕದ ಕೊನೆಯಲ್ಲಿ ಮಹೀಂದ್ರ ಕಂಪನಿಯು ಮುಂಬಯಿಯಲ್ಲಿ ಜೋಡಿಸತೊಡಗಿತು. ಕಾಡಂಚಿನ ಹಳ್ಳಿಗಳಿಗೂ ಕಾಫಿ ತೋಟಗಳಿಗೂ ಆ ಜೀಪುಗಳು ಬಂದವು. ಈ ಸೀಮೆಯ ಯಾವುದಾದರೂ ಹಳೆಯ ಮನೆಯ ಕೊಟ್ಟಿಗೆಯಲ್ಲಿ, ಗೋಣಿತಾಟಿನ ಹೊದಿಕೆಯ ಕೆಳಗೆ, ತಾತನ ಕಾಲದ ಜೀಪೋ, ಅಂಬಾಸಿಡರೋ, ಮೈಸೂರಿನ ಯಾದವಗಿರಿಯಲ್ಲಿ ತಯಾರಾದ ಜಾವಾ ಬೈಕೋ ನಿಂತಿದ್ದರೆ ಅಚ್ಚರಿಯಿಲ್ಲ.

ಈಚೆಗೆ ಅವುಗಳ ಹೊದಿಕೆ ತೆಗೆಯುವವರು ಹೆಚ್ಚುತ್ತಿದ್ದಾರೆ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದ ಹಳೆಯ ಕಾರುಗಳನ್ನು ಶಾಲಾ ಪ್ರವಾಸದಲ್ಲಿ ಎಷ್ಟೋ ಮಕ್ಕಳು ಕಂಡಿದ್ದಾರೆ. ಶ್ರೀರಂಗಪಟ್ಟಣದ ಬಳಿ 2023ರಲ್ಲಿ ‘ಪಯಣ’ ಎಂಬ ಕಾರುಗಳದೇ ವಸ್ತುಸಂಗ್ರಹಾಲಯವೂ ಆರಂಭವಾಯಿತು. ಅದನ್ನು ನೋಡಿ ಬಂದ ಹುಡುಗನಿಗೋ ಹುಡುಗಿಗೋ ರಜೆಯಲ್ಲಿ ಊರಿನ ಕೊಟ್ಟಿಗೆಯ ಜೀಪು ನೆನಪಾಗುವುದು ಸಹಜ. ತಾತನೂ ಉತ್ಸಾಹದಿಂದ ಪಾನಾ ಹುಡುಕುತ್ತಾರೆ. ಬಾನೆಟ್ ಎತ್ತಿದ ಮೇಲೆ ಮೊದಲು ಕೈ ಹೋಗುವುದು ಕಾರ್ಬೊರೇಟರಿಗೆ. ಅಪಾಯವೂ ಅಲ್ಲಿಂದಲೇ ಆರಂಭವಾಗುತ್ತದೆ.

ಗಾಳಿ ಮತ್ತು ಪೆಟ್ರೋಲಿನ ಬೆರಕೆ

ಕಾರ್ಬೊರೇಟರ್ ಎಂದರೆ ಎಂಜಿನ್ನಿಗೆ ಅಡುಗೆ ಬೆರೆಸಿ ಕೊಡುವ ಪಾತ್ರೆ. ಒಂದು ಕೊಳವೆಯ ನಡುಭಾಗವನ್ನು ಕಿರಿದು ಮಾಡಿದರೆ ಅಲ್ಲಿ ಗಾಳಿಯ ವೇಗ ಹೆಚ್ಚಿ ಒತ್ತಡ ಇಳಿಯುತ್ತದೆ. ಹೈಸ್ಕೂಲು ದಾಟಿದವರು ಬರ್ನೌಲಿ ತತ್ವವೆಂದು ಓದಿದ್ದು ಇದನ್ನೇ. ಒತ್ತಡ ಇಳಿದ ಜಾಗಕ್ಕೆ ಪಕ್ಕದ ಬಟ್ಟಲಿನ ಪೆಟ್ರೋಲು ಸಣ್ಣ ರಂಧ್ರದ ಮೂಲಕ ಚಿಮ್ಮಿ ಗಾಳಿಯೊಡನೆ ಬೆರೆಯುತ್ತದೆ. ಒಂದು ತೂಕ ಪೆಟ್ರೋಲಿಗೆ ಸುಮಾರು 15 ತೂಕ ಗಾಳಿ, ಇದು ಹದ. ಬಟ್ಟಲಿನಲ್ಲಿ ತೇಲುವ ‘ಫ್ಲೋಟ್’ ಪೆಟ್ರೋಲಿನ ಮಟ್ಟವನ್ನು ಕಾಯುತ್ತದೆ. ರಂಧ್ರವಿರುವ ಹಿತ್ತಾಳೆಯ ಪುಟ್ಟ ತಿರುಪಿಗೆ ‘ಜೆಟ್’ ಎಂದು ಹೆಸರು. ಸೊಲೆಕ್ಸ್ ಕಾರ್ಬೊರೇಟರಿನ ಜೆಟ್ಟಿನ ಮೇಲೆ 120 ಎಂದು ಕೊರೆದಿದ್ದರೆ ಅದರ ರಂಧ್ರ 1.20 ಮಿ.ಮೀ. ಎಂದರ್ಥ.

ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಪೆಟ್ರೋಲು ಆವಿಯಾಗಿ ಹೋಗಿ, ಹಲಸಿನ ಮೇಣದಂಥ ಅಂಟು ಉಳಿಯುತ್ತದೆ. ಅದು ಜೆಟ್ಟನ್ನು ಮುಚ್ಚುತ್ತದೆ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಬೆರೆತಿರುವುದರಿಂದ ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಬಟ್ಟಲಿನ ತಳದಲ್ಲಿ ಬಿಳಿ ಪುಡಿಯಂತೆ ಲೋಹ ಸವೆದಿರುತ್ತದೆ. ಹಳೆಯ ರಬ್ಬರ್ ಕೊಳವೆಗಳೂ ಎಥೆನಾಲಿಗೆ ಉಬ್ಬಿ ಬಿರಿಯುತ್ತವೆ. ಗಾಡಿ ಹೊರಡಬೇಕಾದರೆ ಇದನ್ನೆಲ್ಲ ತೊಳೆಯಲೇಬೇಕು. ಹೇಗೆ ತೊಳೆಯಬೇಕು ಎಂಬುದೇ ಪ್ರಶ್ನೆ.

“ತಾತ, ಪೆಟ್ರೋಲಲ್ಲೇ ಅದ್ದಿ ತೊಳೆದ್ರೆ ಆಗಲ್ವಾ?” ಎಂದು ಮೊಮ್ಮಗ ಕೇಳಿದರೆ, “ನಾವೆಲ್ಲ ಹಂಗೇ ತೊಳೀತಿದ್ವಿ ಕಣಪ್ಪ” ಎಂಬ ಉತ್ತರವೇ ಬಂದೀತು. ತೊಳೆಯುತ್ತಿದ್ದದ್ದು ನಿಜ. ಆದರೆ ಆ ಅಭ್ಯಾಸವನ್ನು ಅಲ್ಲಿಗೇ ನಿಲ್ಲಿಸುವುದು ಕ್ಷೇಮ.

ಕಾಣದ ಆವಿ

ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗಿನ ಚಳಿಯಲ್ಲೂ ಪೆಟ್ರೋಲು ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಕೋಟೆಯ ಏಪ್ರಿಲ್ ಬಿಸಿಲಿನಲ್ಲಿ ಹೇಳುವುದೇ ಬೇಡ. ಆ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲೇರಿ ಚದುರುವ ಬದಲು ನೆಲಕ್ಕಂಟಿ ಹರಿದು, ಬಾಗಿಲ ಸಂದಿನಿಂದ ಅಡುಗೆಮನೆ ತಲುಪಬಲ್ಲದು. ಅಲ್ಲಿ ಒಲೆ, ದೇವರ ಮುಂದೆ ದೀಪ, ಪಕ್ಕದಲ್ಲಿ ನೀರೆತ್ತುವ ಮೋಟಾರಿನ ಸ್ವಿಚ್ಚು. ಯಾವ ಕಿಡಿಯಾದರೂ ಸಾಕು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಪೆಟ್ರೋಲು ಸುರಿದಾಗ ಹುಟ್ಟುವ ಸ್ಥಾಯಿ ವಿದ್ಯುತ್ತಿನ ಕಿಡಿಯೂ ಸಾಲುತ್ತದೆ.

ಆದ್ದರಿಂದ ಕೆಲಸ ಕೊಟ್ಟಿಗೆಯ ಒಳಗಲ್ಲ, ಹೊರಗೆ ನಡೆಯಬೇಕು. ಗಾಳಿಯಾಡುವ ನೆರಳಿನಲ್ಲಿ, ಒಲೆಗೆ ದೂರವಾಗಿ. ಮೊದಲು ಬ್ಯಾಟರಿ ತಂತಿ ಕಳಚಬೇಕು. ಬಟ್ಟಲಿನಲ್ಲಿ ಉಳಿದ ಪೆಟ್ರೋಲನ್ನು ಮುಚ್ಚಳವಿರುವ ಲೋಹದ ಡಬ್ಬಕ್ಕೆ ಬಸಿಯಬೇಕು. ಪಕ್ಕದಲ್ಲಿ ಒಣಪುಡಿಯ ಅಗ್ನಿಶಾಮಕ, ಇಲ್ಲವೇ ಒಂದು ಬಕೆಟ್ ಮರಳು ಇರಲಿ. ಉರಿಯುವ ಪೆಟ್ರೋಲಿಗೆ ನೀರು ಸುರಿಯಬಾರದು; ಅದು ನೀರಿನ ಮೇಲೆ ತೇಲಿ ಬೆಂಕಿಯನ್ನು ಹರಡುತ್ತದೆ. ಬೀಡಿ ಸೇದುವವರು ಎದ್ದು ದೂರ ಹೋಗಿ ಸೇದಲಿ.

ಬಾಯಿಂದ ಕೊಳವೆ ಹೀರಿ ಪೆಟ್ರೋಲು ತೆಗೆಯುವುದು, ಜೆಟ್ಟನ್ನು ತುಟಿಗಿಟ್ಟು ಊದುವುದು ಹಳೆಯ ಕಾಲದ ಮತ್ತೆರಡು ಅಭ್ಯಾಸಗಳು. ದೇಶದಲ್ಲಿ ಸೀಸ ಬೆರೆತ ಪೆಟ್ರೋಲಿನ ಮಾರಾಟ ಪೂರ್ತಿ ನಿಂತದ್ದು 2000ದ ಫೆಬ್ರುವರಿಯಲ್ಲಿ. ಅದಕ್ಕಿಂತ ಹಿಂದೆ ಓಡಿದ ಗಾಡಿಯ ಮಸಿಯಲ್ಲಿ ಸೀಸ ಇದ್ದೇ ಇರುತ್ತದೆ. ಬೆಳೆಯುವ ಮಕ್ಕಳ ಮಿದುಳಿಗೆ ಸೀಸದಷ್ಟು ಕೆಟ್ಟದ್ದು ಬೇರೆ ಕಡಿಮೆ. ಹಳೆಯ ಗ್ಯಾಸ್ಕೆಟ್ಟುಗಳಲ್ಲಿ ಕಲ್ನಾರು ಇರುವ ಸಂಭವವೂ ಉಂಟು. ಒಣಗಿದ ಗ್ಯಾಸ್ಕೆಟ್ಟನ್ನು ಕೆರೆದರೆ ಅದರ ಧೂಳು ಶ್ವಾಸಕೋಶ ಸೇರುತ್ತದೆ. ಅದನ್ನು ಒದ್ದೆ ಮಾಡಿಯೇ ಬಿಡಿಸಬೇಕು, ದೊಡ್ಡವರೇ ಬಿಡಿಸಬೇಕು.

ಹುಣಸೆಹಣ್ಣು ಬೇಡ

ಬಿಚ್ಚುವ ಮೊದಲು ಒಂದು ಚಿತ್ರ ಬರೆದುಕೊಳ್ಳುವುದು ಒಳ್ಳೆಯದು. ಬಿಚ್ಚಿದ ಭಾಗಗಳನ್ನು ಅಗಲವಾದ ಸ್ಟೀಲ್ ತಟ್ಟೆಯಲ್ಲಿ ಕಳಚಿದ ಕ್ರಮದಲ್ಲೇ ಇಡಬೇಕು. ರಬ್ಬರ್, ಚರ್ಮ, ಬೆಂಡಿನ ಭಾಗಗಳನ್ನು ಬೇರೆ ತೆಗೆದಿಡಬೇಕು. ದ್ರಾವಕ ಅವುಗಳನ್ನು ಹಾಳು ಮಾಡುತ್ತದೆ. ಹೊರಗಿನ ಜಿಡ್ಡು, ಮಣ್ಣಿಗೆ ಸೋಪಿನ ಪುಡಿ ಕಲಸಿದ ಬಿಸಿನೀರು, ಹಳೆಯ ಹಲ್ಲುಜ್ಜುವ ಬ್ರಷ್ಷು ಸಾಕು. ಅರ್ಧಕ್ಕರ್ಧ ಕೆಲಸ ಇಷ್ಟರಲ್ಲೇ ಮುಗಿಯುತ್ತದೆ.

ಒಳಗಿನ ಅಂಟಿಗೆ ಅಂಗಡಿಯಲ್ಲಿ ಸಿಗುವ ಕಾರ್ಬೊರೇಟರ್ ಕ್ಲೀನರ್ ಬೇಕಾಗುತ್ತದೆ. ಅದರಲ್ಲಿ ಅಸಿಟೋನ್, ಟಾಲ್ವೀನ್‌ನಂಥ ದ್ರಾವಕಗಳಿರುತ್ತವೆ. ಅದೂ ಪೆಟ್ರೋಲಿನಂತೆಯೇ ಹೊತ್ತಿಕೊಳ್ಳುವ ವಸ್ತು. ಒಂದು ರಂಧ್ರಕ್ಕೆ ಸಿಂಪಡಿಸಿದರೆ ಇನ್ನೊಂದು ರಂಧ್ರದಿಂದ ಕಣ್ಣಿಗೇ ಚಿಮ್ಮುವುದು ಮಾಮೂಲು. ಕಣ್ಣಿಗೆ ಗಾಗಲ್, ಕೈಗೆ ನೈಟ್ರೈಲ್ ಗವುಸು ಇಲ್ಲದೆ ಡಬ್ಬಿಯ ಮುಚ್ಚಳ ತೆಗೆಯಬಾರದು. ಕಣ್ಣಿಗೆ ಬಿದ್ದರೆ ಕನಿಷ್ಠ 15 ನಿಮಿಷ ತಣ್ಣೀರಿನಲ್ಲಿ ತೊಳೆದು ವೈದ್ಯರ ಬಳಿಗೆ ಹೋಗಬೇಕು.

ದೇವರ ದೀಪವನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ಹೊಳೆಯಿಸುವ ನಮ್ಮ ಮನೆಗಳಲ್ಲಿ ಹಿತ್ತಾಳೆಯ ಜೆಟ್ ಕಂಡರೆ ಅದೇ ಉಪಾಯ ಹೊಳೆಯಬಹುದು. ಆದರೆ ಕಾರ್ಬೊರೇಟರಿನ ಒಡಲು ಹೆಚ್ಚಾಗಿ ಸತುವಿನ ಮಿಶ್ರಲೋಹ. ಹುಣಸೆ, ನಿಂಬೆ, ವಿನಿಗರ್ ಯಾವುದರ ಹುಳಿಯಾದರೂ ಸತುವನ್ನು ತಿನ್ನುತ್ತದೆ. ಕಾಸ್ಟಿಕ್ ಸೋಡ ಇನ್ನೂ ಕೆಟ್ಟದ್ದು; ಅದು ಸತು, ಅಲ್ಯೂಮಿನಿಯಂ ಎರಡನ್ನೂ ಕರಗಿಸುತ್ತ ಹೈಡ್ರೋಜನ್ ಅನಿಲವನ್ನು ಬಿಡುತ್ತದೆ.

ಜೆಟ್ಟಿನ ರಂಧ್ರಕ್ಕೆ ಸೂಜಿ, ತಂತಿ ತೂರಿಸಬಾರದು. ಕೂದಲೆಳೆಯಷ್ಟು ಗೀರಿದರೂ ಅಳತೆ ಕೆಟ್ಟು, ಗಾಡಿ ಹೆಚ್ಚು ಪೆಟ್ರೋಲು ಕುಡಿದು ಕಪ್ಪು ಹೊಗೆ ಉಗುಳುತ್ತದೆ. ಮೀನಿನ ಗಾಳದ ನೈಲಾನ್ ದಾರ ಮೆತ್ತಗಿರುವುದರಿಂದ ವಾಸಿ. ಬಳಿಕ ಪಂಕ್ಚರ್ ಅಂಗಡಿಯ ಗಾಳಿಯನ್ನು ಕಡಿಮೆ ಒತ್ತಡದಲ್ಲಿ ಹಾಯಿಸಿ ಒಣಗಿಸಬಹುದು.

ಫ್ಲೋಟನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿ ನೋಡಬೇಕು. ಒಳಗೆ ಕುಲುಕಿದ ಸದ್ದು ಬಂದರೆ ಅದು ತೂತಾಗಿ ಪೆಟ್ರೋಲು ಒಳಹೊಕ್ಕಿದೆ ಎಂದರ್ಥ. ಅದನ್ನು ಹಾಗೇ ಬೆಸುಗೆಗೆ ಹಿಡಿದರೆ ಸಿಡಿಯುತ್ತದೆ. ಹೊಸ ಫ್ಲೋಟ್ ತರಿಸುವುದೇ ಲೇಸು.

ತೊಳೆದ ನೀರು ಎಲ್ಲಿಗೆ?

ಕೆಲಸ ಮುಗಿದ ಮೇಲೆ ಉಳಿಯುವ ಕಪ್ಪು ದ್ರವವನ್ನು ಏನು ಮಾಡುವುದು? ತಂಪು ಪಾನೀಯದ ಖಾಲಿ ಬಾಟಲಿಗೆ ತುಂಬಿ ಮೂಲೆಯಲ್ಲಿಡುವ ರೂಢಿ ಹಳ್ಳಿಗಳಲ್ಲಿದೆ. ಬಾಯಾರಿ ಬಂದ ಮಗು ಅದನ್ನೇ ಎತ್ತಿ ಕುಡಿದೀತು. ಸೀಮೆಎಣ್ಣೆ, ಪೆಟ್ರೋಲು ಕುಡಿದ ಮಗುವಿಗೆ ವಾಂತಿ ಮಾಡಿಸಲು ಹೋಗಬಾರದು. ವಾಂತಿಯಾಗುವಾಗ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಅಪಾಯ. ತಡ ಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಆ ಸ್ಥಿತಿ ಬಾರದಂತೆ, ಹೆಸರು ಬರೆದ ಲೋಹದ ಡಬ್ಬದಲ್ಲಿಟ್ಟು ಬೀಗ ಹಾಕುವುದು ಹಿರಿಯರ ಹೊಣೆ. ನೆನೆದ ಬಟ್ಟೆಗಳನ್ನೂ ಮುದ್ದೆ ಮಾಡಿ ಒಳಗಿಡದೆ ಬಯಲಿನಲ್ಲಿ ಹರವಿ ಒಣಗಿಸಬೇಕು.

ಇನ್ನೊಂದು ರೂಢಿ, ಚರಂಡಿಗೆ ಸುರಿಯುವುದು. ಕೋಟೆ ಸೀಮೆಯ ಹಳ್ಳಗಳು ಕೊನೆಗೆ ಕಪಿಲೆಯನ್ನೇ ಸೇರುತ್ತವೆ. ಕಬಿನಿ ಎಂದೂ ಕರೆಯುವ ಈ ನದಿ ನಂಜನಗೂಡಿನ ಸ್ನಾನಘಟ್ಟ ದಾಟಿ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ದಾರಿಯುದ್ದಕ್ಕೂ ಜನ, ದನ ಅದರ ನೀರು ಕುಡಿಯುತ್ತಾರೆ. ಕೊಟ್ಟಿಗೆಯ ಹಿಂದೆ ಸುರಿದದ್ದು ಅಂತರ್ಜಲಕ್ಕಿಳಿದರೆ ಮನೆಯ ಬಾವಿಗೇ ಬಂದೀತು. ಆ ಡಬ್ಬವನ್ನು ಹಳೆಯ ಎಂಜಿನ್ ಆಯಿಲ್‌ನೊಡನೆ ಬೆರೆಸದೆ, ತ್ಯಾಜ್ಯವನ್ನು ಅಧಿಕೃತ ಸಂಸ್ಕರಣೆಗೆ ಕಳುಹಿಸುವ ಗ್ಯಾರೇಜಿಗೆ ಒಪ್ಪಿಸುವುದು ಸರಿಯಾದ ದಾರಿ.

ಮಾಲಿನ್ಯ ನಿಯಂತ್ರಣದ ಬಿಎಸ್-6 ನಿಯಮ 2020ರ ಏಪ್ರಿಲ್‌ನಲ್ಲಿ ಜಾರಿಯಾದ ಮೇಲೆ ಹೊಸ ಬೈಕುಗಳಿಂದಲೂ ಕಾರ್ಬೊರೇಟರ್ ಮರೆಯಾಯಿತು. ಅದರ ಕೆಲಸವನ್ನು ಈಗ ಕಂಪ್ಯೂಟರ್ ನಿಯಂತ್ರಣದ ಇಂಜೆಕ್ಷನ್ ಮಾಡುತ್ತದೆ. ಕಾರ್ಬೊರೇಟರ್ ಬಿಚ್ಚಿ ಜೋಡಿಸಬಲ್ಲ ಕೈಗಳು ಹೆಚ್ಚಾಗಿ ತಾತಂದಿರವೇ. ಆ ಕಸುಬು ಮೊಮ್ಮಕ್ಕಳಿಗೆ ದಾಟಬೇಕು. ಆದರೆ ಅದರ ಜೊತೆಗೆ ತಾತಂದಿರ ಕೆಮ್ಮು, ಸುಟ್ಟ ಕಲೆ ದಾಟಬಾರದು.

ಎಲ್ಲ ಸರಿಹೋದ ದಿನ ಜೀಪು ಎರಡು ಸಲ ಕೆಮ್ಮಿ ಗುರ್ ಎನ್ನುತ್ತದೆ. ತೊಳೆದ ಕೈಗಳ ಹುಡುಗಿಯೊಬ್ಬಳು ತಾತನ ಪಕ್ಕದ ಸೀಟಿನಲ್ಲಿ ಕೂರುತ್ತಾಳೆ. ಕಾರಾಪುರದ ಹಿನ್ನೀರಿನವರೆಗೆ ಹೋಗಿ, ಸಂಜೆಯೊಳಗೆ ಕೋಟೆಗೆ ಮರಳಬಹುದು.