ಮೇಜಿನ ಮೇಲಿನ ಘಟ್ಟ

ಮನುಷ್ಯನಾದವನಿಗೆ ಒಂದಲ್ಲ ಒಂದು ಹುಚ್ಚು ಇರತಕ್ಕದ್ದೇ ಎಂದು ಹಿರಿಯರು ಹೇಳುವುದುಂಟು. ಕೆಲವರಿಗೆ ಸಂಗೀತದ ಹುಚ್ಚು, ಕೆಲವರಿಗೆ ಇಸ್ಪೀಟಿನ ಹುಚ್ಚು, ಮತ್ತೆ ಕೆಲವರಿಗೆ ಮನೆ ಕಟ್ಟಿಸುವ ಹುಚ್ಚು. ನಮ್ಮದು ರೈಲಿನ ಹುಚ್ಚು. ನಾವೆಂದರೆ ಮೈಸೂರಿನಲ್ಲಿರುವ ಐದಾರು ಮಂದಿ ಸ್ನೇಹಿತರು. ಭಾನುವಾರ ಊಟವಾದ ಮೇಲೆ ನಮ್ಮಲ್ಲೊಬ್ಬರ ಮನೆಯ ಮಹಡಿಯ ಕೋಣೆಯಲ್ಲಿ ಕಲೆತು, ರೈಲನ್ನು ಕುರಿತು ಮಾತನಾಡುತ್ತ, ಪುಟ್ಟ ರೈಲುಗಳನ್ನು ಓಡಿಸುತ್ತ ಸಾಯಂಕಾಲದವರೆಗೆ ಕಾಲ ಕಳೆಯುವುದು ಎಷ್ಟೋ ವರ್ಷಗಳಿಂದ ನಡೆದುಬಂದಿದೆ. ನಮ್ಮ ಕೂಟಕ್ಕೆ ಹೆಸರಿಲ್ಲ, ಅಧ್ಯಕ್ಷರಿಲ್ಲ, ಚಂದಾ ಇಲ್ಲ. ಆ ಮನೆಯ ಅಮ್ಮನವರು ನಾಲ್ಕು ಗಂಟೆಗೆ ಮೊಮ್ಮಗನ ಕೈಯಲ್ಲಿ ಕಾಫಿಯನ್ನು ಮೇಲಕ್ಕೆ ಕಳುಹಿಸುವಾಗ, “ಹೋಗು, ಆ ಮಕ್ಕಳಿಗೆ ಕೊಟ್ಟು ಬಾ” ಎನ್ನುವರು. ಆ ಮಕ್ಕಳಲ್ಲಿ ಮೂವರಿಗೆ ಅರುವತ್ತು ದಾಟಿದೆ.

ನಮ್ಮ ಮಾತು ಹೊರಗಿನವರ ಕಿವಿಗೆ ಬಿದ್ದರೆ ಅವರು ನಮ್ಮನ್ನು ಕುರಿತು ಏನೆಂದುಕೊಳ್ಳುವರೋ ತಿಳಿಯದು. ಪ್ರಯಾಣ ಹೋಗಿ ಬಂದವರನ್ನು ಲೋಕವೆಲ್ಲ ‘ಊರು ಹೇಗಿತ್ತು?’ ಎಂದು ಕೇಳಿದರೆ, ನಾವು ‘ದಾರಿ ಹೇಗಿತ್ತು?’ ಎಂದು ಕೇಳುತ್ತೇವೆ. ಕಾಶಿಗೆ ಹೋಗಿ ಬಂದ ಸ್ನೇಹಿತರೊಬ್ಬರು ವಿಶ್ವನಾಥನ ದರ್ಶನದ ವಿಷಯವನ್ನು ಎರಡು ಮಾತಿನಲ್ಲಿ ಮುಗಿಸಿ, ದಾರಿಯಲ್ಲಿ ಎಂಜಿನು ಬದಲಾಯಿಸಿದ ಕಥೆಯನ್ನು ಮುಕ್ಕಾಲು ಗಂಟೆ ಹೇಳಿದರು. ನಾವೂ ಬಾಯಿಬಿಟ್ಟುಕೊಂಡು ಕೇಳಿದೆವು.

ಈ ಹುಚ್ಚಿನಲ್ಲಿ ವಿದ್ಯೆಯೂ ಸ್ವಲ್ಪ ಇಲ್ಲದೆ ಇಲ್ಲ. ಹಿಂದೆ ಮೀಟರ್ ಗೇಜಿನ ಗಾಡಿಯಲ್ಲಿ ಕುಳಿತವರಿಗೆಲ್ಲ ಚಕ್ರಗಳ ‘ಟಕ ಟಕ’ ಎಂಬ ತಾಳ ನೆನಪಿರಬೇಕು. ಹಳಿಯ ಒಂದು ತುಂಡು ಮುಗಿದು ಇನ್ನೊಂದು ಮೊದಲಾಗುವ ಸಂದಿನಲ್ಲಿ ಚಕ್ರ ಹಾಯುವಾಗ ಆಗುತ್ತಿದ್ದ ಶಬ್ದ ಅದು. ಆ ತುಂಡಿನ ಉದ್ದ 12 ಮೀಟರು. ನಾವು ಕುಳಿತ ಡಬ್ಬಿಯ ಕೆಳಗೆ 43 ಸೆಕೆಂಡುಗಳಲ್ಲಿ ಎಷ್ಟು ಸಂದುಗಳು ಹಾದುಹೋಗುವುವೋ ಗಂಟೆಗೆ ಅಷ್ಟೇ ಕಿಲೋಮೀಟರು ಗಾಡಿಯ ವೇಗ. ನಲವತ್ತು ಎಣಿಸಿದರೆ ನಲವತ್ತು ಕಿಲೋಮೀಟರು. ಕಾಗದ ಬೇಡ, ಭಾಗಾಕಾರ ಬೇಡ. ಬ್ರಾಡ್ ಗೇಜಿನ 13 ಮೀಟರಿನ ಹಳಿಗಾದರೆ 47 ಸೆಕೆಂಡು ಎಣಿಸಬೇಕು. ಈಗ ಮುಖ್ಯ ಮಾರ್ಗಗಳಲ್ಲಿ ಹಳಿಗಳನ್ನು ಬೆಸೆದು ಉದ್ದುದ್ದವಾಗಿ ಮಾಡಿರುವುದರಿಂದ ಆ ತಾಳ ಅಡಗಿಹೋಗಿದೆ. ಪ್ರಯಾಣ ನುಣುಪಾಯಿತು, ನಿಜ. ಆದರೆ ಆ ತಾಳಕ್ಕೆ ನಿದ್ದೆ ಹೋಗುತ್ತಿದ್ದ ಕೂಸುಗಳನ್ನು ಬಲ್ಲ ತಾಯಂದಿರು ಈ ಲಾಭವನ್ನು ಪೂರ್ತಿಯಾಗಿ ಒಪ್ಪಲಾರರು.

ಪುಟ್ಟ ರೈಲಿನ ಹವ್ಯಾಸ ನಮ್ಮ ದೇಶದಲ್ಲಿ ಹುಟ್ಟಿದುದಲ್ಲ. 1891ರಲ್ಲಿ ಜರ್ಮನಿಯ ಮಾರ್ಕ್‌ಲಿನ್ ಮನೆತನದವರು ಲೈಪ್‌ಜಿಗ್ ಜಾತ್ರೆಯಲ್ಲಿ, ಗೊತ್ತಾದ ಅಗಲದ ಹಳಿಗಳ ಮೇಲೆ ಓಡುವ ಆಟದ ರೈಲುಗಳನ್ನು ತಂದಿಟ್ಟರು. ಇಂಗ್ಲೆಂಡಿನಲ್ಲಿ ಫ್ರ್ಯಾಂಕ್ ಹಾರ್ನ್‌ಬಿಯ ರೈಲುಗಳು ಪೇಟೆಗೆ ಬಂದುದು 1920ರಲ್ಲಿ. ನಮ್ಮಲ್ಲಿ ಗ್ವಾಲಿಯರಿನ ಮಹಾರಾಜರ ಜೈವಿಲಾಸ ಅರಮನೆಯ ಊಟದ ಮೇಜಿನ ಮೇಲೆ ಬೆಳ್ಳಿಯ ರೈಲೊಂದು ಅತಿಥಿಗಳಿಗೆ ಪಾನೀಯವನ್ನೂ ಚುರುಟನ್ನೂ ಹೊತ್ತು ತಿರುಗುತ್ತಿತ್ತು. ಈ ಸಂಗತಿಯನ್ನು ಕೇಳಿದಂದಿನಿಂದ ನಮ್ಮ ಅಮ್ಮನವರು, “ತುಪ್ಪ ಬಡಿಸುವುದಕ್ಕೆ ಅಂಥದೊಂದನ್ನು ಮಾಡಿಕೊಡಿ, ಆಗ ನಿಮ್ಮ ಕೆಲಸವನ್ನು ಕೆಲಸವೆಂದು ಒಪ್ಪುತ್ತೇನೆ” ಎನ್ನುತ್ತಿರುವರು. ಪುಣೆಯಲ್ಲಿ ಭಾವು ಜೋಶಿಯವರು ಒಂದು ಆಯುಷ್ಯವನ್ನೇ ಸವೆಸಿ ಕಟ್ಟಿದ ಪುಟ್ಟ ರೈಲುಗಳ ಸಂಗ್ರಹಾಲಯವನ್ನು 1998ರಲ್ಲಿ ಜನರಿಗೆ ತೆರೆದರು. ಮಕ್ಕಳಿರುವ ಮನೆಯವರು ಆ ಕಡೆ ಹೋದಾಗ ಅವಶ್ಯವಾಗಿ ನೋಡಬೇಕು.

ನಾವು ಬಳಸುವುದು ಎಂಬತ್ತೇಳರಲ್ಲಿ ಒಂದು ಪಾಲಿನ ಪ್ರಮಾಣ. ಯೂರೋಪಿನಲ್ಲಿ ಹೆಚ್ಚು ಬಳಕೆಯಲ್ಲಿರುವುದೂ ಇದೇ. ಇದರಲ್ಲಿ ಒಂದು ತೊಡಕುಂಟು. ಅಲ್ಲಿಂದ ಬರುವ ಸಿದ್ಧ ಹಳಿಗಳ ಅಗಲ 16.5 ಮಿಲಿಮೀಟರು, ಅದು ಅವರ ದೇಶದ 1,435 ಮಿಲಿಮೀಟರಿನ ಮಾರ್ಗಕ್ಕೆ ಸರಿ. ನಮ್ಮ ಬ್ರಾಡ್ ಗೇಜು 1,676 ಮಿಲಿಮೀಟರು. ಅದಕ್ಕೆ 19 ಮಿಲಿಮೀಟರಿಗಿಂತ ಹೆಚ್ಚು ಬೇಕು. ಅವರ ಹಳಿಯ ಮೇಲೆ ನಮ್ಮ ಗಾಡಿಯನ್ನು ನಿಲ್ಲಿಸಿದರೆ, ದೊಡ್ಡ ಮನುಷ್ಯನು ಮಗುವಿನ ಪಾದರಕ್ಷೆಯನ್ನು ಮೆಟ್ಟಿದಂತೆ ಕಾಣುತ್ತದೆ. ಆದರೆ ಮೀಟರ್ ಗೇಜಿನ ಲೆಕ್ಕ ಬೇರೆ. ಅದಕ್ಕೆ ಬೇಕಾದುದು ಹನ್ನೊಂದೂವರೆ ಮಿಲಿಮೀಟರು, ಸಿದ್ಧವಾಗಿ ಸಿಕ್ಕುವುದು 12. ಸ್ವಿಟ್ಜರ್ಲೆಂಡಿನ ರೇಟಿಯನ್ ರೈಲ್ವೆ ಮೊದಲಾದ ಬೆಟ್ಟದ ಮಾರ್ಗಗಳು ಇಂದಿಗೂ ಮೀಟರ್ ಗೇಜಿನಲ್ಲಿಯೇ ನಡೆಯುತ್ತಿರುವುದರಿಂದ ಅವುಗಳ ಅಭಿಮಾನಿಗಳಿಗಾಗಿ ಈ ಹಳಿಗಳು ತಯಾರಾಗುತ್ತವೆ. ಕರ್ನಾಟಕದ ನೆಲದಿಂದ ಮೀಟರ್ ಗೇಜು ಎದ್ದುಹೋಯಿತು; ನೆರೆಯ ನೀಲಗಿರಿಯಲ್ಲಿ ಮಾತ್ರ ಉಳಿದಿದೆ. ಹೋದುದನ್ನು ಮೇಜಿನ ಮೇಲೆ ಹಾಸಿಕೊಳ್ಳಲು ಸ್ವಿಸ್ ಜನರ ಬೆಟ್ಟಗಳು ನಮಗೆ ಸಹಾಯಕ್ಕೆ ಬಂದುದನ್ನು ನೆನೆದರೆ ಸೋಜಿಗವಾಗುತ್ತದೆ.

ಅಳತೆಗೆ ಇಳಿದ ಮೇಲೆ ಎಲ್ಲವೂ ವಿಚಿತ್ರವಾಗಿ ತೋರುತ್ತದೆ. ಬೆಂಗಳೂರಿನಿಂದ ಮೈಸೂರಿಗೆ 138 ಕಿಲೋಮೀಟರು. ಅದನ್ನು ನಮ್ಮ ಪ್ರಮಾಣದಲ್ಲಿ ಹಾಸಬೇಕಾದರೆ ಒಂದೂವರೆ ಕಿಲೋಮೀಟರಿಗೂ ಮೀರಿದ ಮಹಡಿ ಬೇಕು. ಮೊಮ್ಮಗನು ಗುಂಡಿಯನ್ನು ಪೂರ್ತಿ ತಿರುಗಿಸಿ ಗಾಡಿಯನ್ನು ಸೆಕೆಂಡಿಗೆ ಒಂದು ಮೀಟರಿನಂತೆ ಓಡಿಸಿದನೆಂದರೆ, ಅದು ಗಂಟೆಗೆ 313 ಕಿಲೋಮೀಟರಾಯಿತು! “ಮರಿ, ನಿನ್ನ ಗಾಡಿ ಸಕಲೇಶಪುರ ಬಿಟ್ಟು ಸಮುದ್ರಕ್ಕೆ ಬಿತ್ತು” ಎಂದು ನಮ್ಮ ಮಾಸ್ತರರು ಹೇಳುವರು.

ಈ ಮಾಸ್ತರರ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಇವರು ಪಾಠಶಾಲೆಯ ಮಾಸ್ತರರಲ್ಲ, ಸ್ಟೇಷನ್ ಮಾಸ್ತರರು; ನಿವೃತ್ತರು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವ ಘಟ್ಟದ ಮಾರ್ಗ 1979ರಲ್ಲಿ ಮೀಟರ್ ಗೇಜಾಗಿ ತೆರೆಯಿತು. 57 ಸುರಂಗಗಳು, 109 ಸೇತುವೆಗಳು, ಐವತ್ತಕ್ಕೆ ಒಂದರಂತೆ ಇಳಿಜಾರು. 1996ರಲ್ಲಿ ಹಳಿ ಅಗಲ ಮಾಡುವುದಕ್ಕಾಗಿ ಅದನ್ನು ಮುಚ್ಚಿದರು. ಹೊಸ ಹಳಿಯ ಮೇಲೆ ಪ್ರಯಾಣಿಕರ ಗಾಡಿ ಇಳಿದುದು 2007ರ ಡಿಸೆಂಬರಿನಲ್ಲಿ. ಆ ಮೊದಲಿನ ದಿನಗಳಲ್ಲಿ ಮಾಸ್ತರರು ಅಲ್ಲಿಯ ಕಾಡಿನೊಳಗಿನ ಒಂದು ನಿಲ್ದಾಣದಲ್ಲಿ ಹತ್ತು ವರ್ಷ ಇದ್ದವರು. ಆಗಿನ ನಿಲ್ದಾಣವನ್ನು ಮೇಜಿನ ಮೇಲೆ ಕಟ್ಟಬೇಕೆಂದು ನಾವು ಹೊರಟಾಗ ನಮ್ಮ ಕೈಗೆ ಒಂದು ಚಿತ್ರಪಟವೂ ಸಿಕ್ಕಲಿಲ್ಲ. ಇದ್ದ ಆಧಾರವೆಲ್ಲ ಮಾಸ್ತರರ ನೆನಪು. ಅವರಿಗೋ ಕಣ್ಣಿನ ನರದ ರೋಗ. ಹೋದ ದೃಷ್ಟಿ ತಿರುಗಿ ಬಾರದು, ಇರುವುದನ್ನು ಉಳಿಸಿಕೊಳ್ಳಬೇಕು ಎಂದು ವೈದ್ಯರು ಹೇಳಿದ್ದಾರೆ. ಹಳೆಯ ಕ್ಯಾಲೆಂಡರಿನ ಹಾಳೆಗಳ ಬೆನ್ನ ಮೇಲೆ ದಪ್ಪ ಮಸಿಯಿಂದ ಅವರು ಗೆರೆ ಎಳೆಯುವರು, ನಾವು ಅಳತೆ ಹಾಕಿಕೊಳ್ಳುವೆವು. ಟೋಕನ್ ಕೊಡುವ ಬೆತ್ತದ ಬಳೆ ಎಲ್ಲಿ ತೂಗುತ್ತಿತ್ತು, ದೀಪದ ಕೋಣೆಯ ಬಾಗಿಲು ಯಾವ ಕಡೆಗೆ, ಮಳೆಗಾಲದಲ್ಲಿ ನೀರು ಎಲ್ಲಿಂದ ಇಳಿಯುತ್ತಿತ್ತು, ಎಲ್ಲವೂ ಬಂದಿತು.

ಆಮೇಲೆ ಒಂದು ಭಾನುವಾರ ಅವರು ಇನ್ನೊಂದು ಗೆರೆ ಎಳೆದರು. ನಿಲ್ದಾಣಕ್ಕೆ ಮೊದಲೇ ಮುಖ್ಯ ಹಳಿಯಿಂದ ಕವಲೊಡೆದು, ಗುಡ್ಡದ ಮೈಮೇಲೆ ಏರಿ, ಎಲ್ಲಿಗೂ ಹೋಗದೆ ಮುಗಿದುಬಿಡುವ ಹಳಿ. ಘಟ್ಟದ ಮಾರ್ಗಗಳಲ್ಲಿ ಇಂಥದನ್ನು ಹಾಕುವ ಪದ್ಧತಿ ಉಂಟು. ಕ್ಯಾಚ್ ಸೈಡಿಂಗ್ ಎಂದು ಅದರ ಹೆಸರು. ಇಳಿದು ಬರುವ ಗಾಡಿಗೆ ಬ್ರೇಕು ಹಿಡಿಯದೆ ಹೋದರೆ ಅದು ನಿಲ್ದಾಣದಲ್ಲಿ ನಿಂತಿರುವ ಗಾಡಿಗೆ ಬಂದು ಹೊಡೆಯಬಾರದಲ್ಲವೆ? ಅದಕ್ಕಾಗಿ ಹಳಿಯ ಕವಲನ್ನು ಸದಾ ಆ ಏರಿನ ಕಡೆಗೇ ತಿರುಗಿಸಿಟ್ಟಿರುತ್ತಾರೆ. ಗಾಡಿ ಸಿಗ್ನಲಿನ ಮುಂದೆ ಬಂದು ಪೂರ್ತಿ ನಿಂತಿತೆಂದು ಖಚಿತವಾದ ಮೇಲೆಯೇ ಕವಲನ್ನು ನಿಲ್ದಾಣದ ಕಡೆಗೆ ತಿರುಗಿಸುವುದು. ನಿಲ್ಲಲಾರದ ಗಾಡಿ ತಾನಾಗಿಯೇ ಏರಿಗೆ ಹೋಗಿ, ವೇಗ ಕುಂದಿ, ನಿಲ್ಲುತ್ತದೆ.

ನಮ್ಮಲ್ಲಿ ಮರಗೆಲಸ ಬಲ್ಲ ಸ್ನೇಹಿತರೊಬ್ಬರು ಅಳೆದು ನೋಡಿ, “ಮಾಸ್ತರೆ, ಇದಕ್ಕೆ ಇನ್ನೂ ಒಂದೂಕಾಲು ಮೀಟರು ಮೇಜು ಬೇಕು. ಅಲ್ಲಿ ದಸರಾ ಬೊಂಬೆಯ ಪೆಟ್ಟಿಗೆಗಳಿವೆ. ಎಂದೂ ಗಾಡಿ ಹೋಗದ ಹಳಿಗಾಗಿ ಇಷ್ಟು ತೊಂದರೆಯೇಕೆ? ಬಿಟ್ಟುಬಿಡೋಣ” ಎಂದರು. ನ್ಯಾಯವಾದ ಮಾತೆಂದು ನಮ್ಮಲ್ಲಿ ಕೆಲವರಿಗೆ ತೋರಿತು. ಕೋಣೆಯನ್ನು ನೋಡಿದರೆ ಯಾರಿಗಾದರೂ ಹಾಗೆಯೇ ತೋರುವುದು.

ಮಾಸ್ತರರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹತ್ತು ವರ್ಷದಲ್ಲಿ ಒಂದು ಗಾಡಿಯೂ ಅದರೊಳಕ್ಕೆ ಹೋಗಲಿಲ್ಲ, ನಿಜ. ಆದರೆ ಅದು ಇದ್ದುದರಿಂದ ನನಗೆ ರಾತ್ರಿ ನಿದ್ದೆ ಬರುತ್ತಿತ್ತು. ನನ್ನ ಹೆಂಡತಿ ಮಕ್ಕಳು ಆ ನಿಲ್ದಾಣದ ಹಿಂದಿನ ಮನೆಯಲ್ಲೇ ಇದ್ದರು” ಎಂದರು.

ಕಾಫಿಯ ಲೋಟಗಳನ್ನು ಒಯ್ಯಲು ತಾವೇ ಮೇಲಕ್ಕೆ ಬಂದಿದ್ದ ಅಮ್ಮನವರು ಬಾಗಿಲಲ್ಲಿ ನಿಂತು ಈ ಮಾತನ್ನು ಕೇಳಿದರು. ಕೇಳಿ ಏನನ್ನೂ ಹೇಳದೆ ಕೆಳಗಿಳಿದು ಹೋದರು. ಮುಂದಿನ ಭಾನುವಾರ ನಾವು ಹೋದಾಗ ಬೊಂಬೆಯ ಪೆಟ್ಟಿಗೆಗಳು ಅಲ್ಲಿರಲಿಲ್ಲ. ನೆಲವನ್ನು ಗುಡಿಸಿ ಒರಸಿತ್ತು. ಅವನ್ನು ಎಲ್ಲಿಟ್ಟರೆಂದು ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ.

ಸೈಡಿಂಗು ಮುಗಿಯಲು ಆರು ಭಾನುವಾರಗಳು ಹಿಡಿದುವು. ಮಾಸ್ತರರು ಬೆರಳನ್ನು ಹಳಿಯ ಮೇಲೆ ಜಾರಿಸಿ ನೋಡಿ, “ಸಾಲದು, ಇನ್ನೂ ಏರಿಸಿ” ಎಂದು ಎರಡು ಸಾರಿ ಬಿಚ್ಚಿಸಿದರು. ಕಡೆಗೆ ಒಂದು ಸರಕಿನ ಡಬ್ಬಿಯ ಅಚ್ಚುಗಳಿಗೆ ಎಣ್ಣೆ ಬಿಟ್ಟು, ಎಂಜಿನಿಲ್ಲದೆ, ಇಳಿಜಾರಿನ ತುದಿಯಿಂದ ಕೈಬಿಟ್ಟೆವು. ಅದು ಸರಸರನೆ ಇಳಿದು, ಕವಲಿನಲ್ಲಿ ‘ಟಕ್’ ಎಂದು ಹೊರಳಿ, ಏರನ್ನು ಹತ್ತಿ, ಕೊನೆ ಇನ್ನೂ ಒಂದು ಗೇಣು ಇರುವಂತೆ ನಿಂತಿತು. ಸ್ವಲ್ಪ ಹಿಂದಕ್ಕೆ ಜಾರುವುದರೊಳಗೆ ಮೊಮ್ಮಗನು ಬೆರಳು ಕೊಟ್ಟು ಹಿಡಿದನು. ಮಾಸ್ತರರು ಆ ಕಡೆಗೆ ಕಿವಿಗೊಟ್ಟು ನಿಂತಿದ್ದರು.

“ನಿಂತಿತೆ?” ಎಂದರು.

“ನಿಂತಿತು, ತಾತ.”

“ಇನ್ನೊಂದು ಸಾರಿ ಬಿಡಪ್ಪ” ಎಂದು ಅವರು ಕುರ್ಚಿಯನ್ನು ಕವಲಿನ ಹತ್ತಿರಕ್ಕೆ ಎಳೆದುಕೊಂಡರು.