ಆ ಎರಡು ಡಿಗ್ರಿ ಎಲ್ಲಿಯದು?

ಡಿಸೆಂಬರ್ ಬಂತೆಂದರೆ ಹೈದರಾಬಾದಿನ ಐಟಿ ಮಂದಿಗೆ ಉತ್ತರಾಖಂಡದ ಕೇದಾರಕಂಠ ಶಿಖರ ಏರುವ ಹುಚ್ಚು. ಗಚ್ಚಿಬೌಲಿಯ ನಮ್ಮ ಕನ್ನಡದ ಗೆಳೆಯರೂ ಹೊರತಲ್ಲ. ಚಹಾ ಹೀರುತ್ತಾ ಮೊಬೈಲ್ ಮುಂದೆ ಹಿಡಿದು, ‘ಎರಡು ಡಿಗ್ರಿ ಅಷ್ಟೇ, ಸೂರ್ಯನ ಚಿತ್ರವೂ ಇದೆ’ ಅಂತಾರೆ. ಅದು ಬುಡದ ಸಾಂಕ್ರಿ ಹಳ್ಳಿಯ ಹವೆ ಮಾರಾಯ್ರೇ! ಸಾಂಕ್ರಿ ಇರುವುದು ಸುಮಾರು 1,950 ಮೀಟರಿನಲ್ಲಿ, ಶಿಖರ 3,800ರಲ್ಲಿ. ಸಾವಿರ ಮೀಟರ್ ಏರಿದರೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಅಂದರೆ ಮೇಲೆ ಮೈನಸ್ ಹತ್ತು. ಗಾಳಿಯ ಕೊರೆತ ಬೇರೆ.

ಚಳಿಗಾಲದ ಹಿಮ ತರುವುದು ಮೆಡಿಟರೇನಿಯನ್ ಕಡೆಯಿಂದ ಬರುವ ವೆಸ್ಟರ್ನ್ ಡಿಸ್ಟರ್ಬೆನ್ಸ್. ಅದು ಬರುವ ಸುಳಿವು ಕೆಲವು ದಿನ ಮೊದಲೇ ಸಿಗುತ್ತದೆ. ಯಾವ ಕಣಿವೆಯಲ್ಲಿ ಎಷ್ಟು ಸುರಿಯುತ್ತದೆ ಎನ್ನುವುದೇ ತಲೆನೋವು. 2025ರಲ್ಲಿ ಬಂದ ನಮ್ಮ ಹವಾಮಾನ ಮುನ್ಸೂಚನೆಯ ಮಾದರಿ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್ ಕೂಡ ನೆಲವನ್ನು ನೋಡುವುದು 6 ಕಿಲೋಮೀಟರಿನ ಚೌಕಗಳಲ್ಲಿ. ಹಿಮಾಲಯದಲ್ಲಿ ಅಷ್ಟರೊಳಗೆ ಒಂದು ಏಣು, ಒಂದು ಕಣಿವೆ ಮುಗಿದೇ ಹೋಗಿರುತ್ತವೆ. ಇಲ್ಲೇ ಹೈದರಾಬಾದಿನ ಬಾಲಾನಗರದ ದೂರಸಂವೇದಿ ಕೇಂದ್ರವಾದ ಎನ್‌ಆರ್‌ಎಸ್‌ಸಿಯವರು ಉಪಗ್ರಹದಿಂದ ಹಿಮದ ಹರವು ಅಳೆಯುತ್ತಾರೆ, ಸರಿ. ಆದರೆ ಅದು ಬಿದ್ದ ಹಿಮದ ಲೆಕ್ಕ, ಬೀಳಲಿರುವುದರದ್ದಲ್ಲ.

ಇಷ್ಟೆಲ್ಲ ಯಾಕೆ ಹೇಳುತ್ತೇನೆಂದರೆ, 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಕರ್ನಾಟಕದಿಂದ ಹೋದವರಲ್ಲಿ 9 ಮಂದಿ ಹಿಮಗಾಳಿಗೆ ಸಿಕ್ಕಿ ತೀರಿಕೊಂಡರು. ಚಳಿಗಾಲ ಕೂಡ ಅಲ್ಲ ಅದು.

ಹೊರಡುವ ಮುನ್ನ ಡೆಹ್ರಾಡೂನ್ ಹವಾಮಾನ ಕೇಂದ್ರದ ಜಿಲ್ಲಾವಾರು ಎಚ್ಚರಿಕೆ ಓದಿ. ಗೈಡ್ ಇಳಿಯೋಣ ಅಂದರೆ ಇಳಿಯಿರಿ. ಮ್ಯಾನೇಜರ್ ಹತ್ತಿರ ಒಂದು ದಿನ ಹೆಚ್ಚುವರಿ ರಜೆ ಈಗಲೇ ಕೇಳಿಟ್ಟುಕೊಳ್ಳಿ.