ಕೊನೆಗೆ ಬರುವ ಕಾವಲುಗಾರ

ದೊರೆಯದುದನ್ನು ದೊರಕಿಸಿಕೊಳ್ಳುವುದು ಯೋಗವೆಂದೂ ದೊರೆತುದನ್ನು ಕಾಪಾಡಿಕೊಳ್ಳುವುದು ಕ್ಷೇಮವೆಂದೂ ನಮ್ಮ ಭಾಷ್ಯಕಾರರು ಬಿಡಿಸಿ ಹೇಳಿರುವರಷ್ಟೆ. ಲೋಕವು ಯೋಗವಂತನಿಗೆ ಹಾರ ಹಾಕುತ್ತದೆ. ಕ್ಷೇಮವನ್ನು ಹೊತ್ತವನನ್ನು ಅವನು ತಪ್ಪಿದ ದಿನ ಮಾತ್ರ ನೆನೆಯುತ್ತದೆ. ಈ ಮಾತಿಗೆ ನನಗೆ ಒಳ್ಳೆಯ ಉದಾಹರಣೆ ದೊರೆತದ್ದು ಅಮೆರಿಕ ದೇಶದ ಬೇಸ್‌ಬಾಲ್ ಆಟದಲ್ಲಿ ಎಂದರೆ ವಾಚಕರು ನಗಬಹುದು. ಅಮರಕೋಶವನ್ನು ಉರು ಹೊಡೆದ ಮುದುಕನಿಗೆ ಈ ಹುಚ್ಚು ಹೇಗೆ ಹಿಡಿಯಿತೆಂಬುದು ಬೇರೆ ಕಥೆ. ಅದು ಇಲ್ಲಿ ಬೇಡ.

ಆ ಆಟಕ್ಕೆ ಒಂಬತ್ತು ಇನಿಂಗ್ಸ್. ಮೊದಲು ಚೆಂಡೆಸೆಯುವವನು ದಣಿದರೆ ಅವನ ಸ್ಥಾನಕ್ಕೆ ಬೇರೊಬ್ಬನು ಬರುತ್ತಾನೆ. ಹೋದವನು ಆ ದಿನ ಮರಳಿ ಬರುವಂತಿಲ್ಲ. ಹೀಗೆ ಬರುವವರಲ್ಲಿ ಕಡೆಯವನು, ಅಲ್ಪವಾದ ಮುನ್ನಡೆಯನ್ನು ಕಾಯ್ದು ಆಟವನ್ನು ಮುಗಿಸತಕ್ಕವನು, ‘ಕ್ಲೋಸರ್’ ಎನಿಸಿಕೊಳ್ಳುತ್ತಾನೆ. ಮೂರು ಓಟಗಳಿಗೆ ಮೀರದ ಮುನ್ನಡೆ ಇರುವಾಗ ಬಂದು, ಒಂದು ಇನಿಂಗ್ಸಾದರೂ ಎಸೆದು ಗೆಲುವನ್ನು ಉಳಿಸಿಕೊಟ್ಟರೆ ಸಾಮಾನ್ಯವಾಗಿ ಅವನ ಹೆಸರಿಗೆ ಒಂದು ‘ಸೇವ್’ ಸೇರುತ್ತದೆ. ಇದು ಷಿಕಾಗೋ ನಗರದ ಪತ್ರಕರ್ತ ಜೆರೋಮ್ ಹೋಲ್ಟ್ಸ್‌ಮನ್‌ನ ಕಲ್ಪನೆ. 1959ರಲ್ಲಿ ಪಿಟ್ಸ್‌ಬರ್ಗ್ ತಂಡದ ಎಲ್‌ರಾಯ್ ಫೇಸ್ 18 ಆಟಗಳನ್ನು ಗೆದ್ದು ಒಂದನ್ನೇ ಸೋತಿದ್ದನು. ಆದರೆ ಆ ಗೆಲುವುಗಳಲ್ಲಿ ಕೆಲವು, ತಾನೇ ಮುನ್ನಡೆಯನ್ನು ಕಳೆದುಕೊಂಡ ಮೇಲೆ ಜೊತೆಗಾರರು ಗಳಿಸಿಕೊಟ್ಟವು. ಕಾವಲುಗಾರನನ್ನು ಗೆಲುವಿನಿಂದ ಅಳೆಯಲಾಗದೆಂದು ಕಂಡು ಅವನು ಹೊಸ ಅಳತೆಯನ್ನು ಹೂಡಿದನು. 1969ರಲ್ಲಿ ಅದು ಅಧಿಕೃತವಾಯಿತು. ನ್ಯಾಯವಾದ ಅಳತೆಯೆಂದೇ ನನ್ನ ಭಾವನೆ.

ತೊಡಕು ಹುಟ್ಟಿದ್ದು ಅನಂತರ. ಉಳಿಸಿದ್ದನ್ನು ಎಣಿಸತೊಡಗಿದ ಮೇಲೆ ಎಣಿಕೆಗೆ ಬರುವ ಸಮಯಕ್ಕೇ ಶ್ರೇಷ್ಠನನ್ನು ಕಾದಿರಿಸುವ ರೂಢಿ ಬೇರೂರಿತು. ಪರೀಕ್ಷೆಗೆ ಬರುವ ಪಾಠವನ್ನಷ್ಟೇ ಬೋಧಿಸುವ ಉಪಾಧ್ಯಾಯರ ನಡುವೆ ಬಹುಕಾಲ ಕಳೆದ ನನಗೆ ಇದೇನೂ ಹೊಸದಲ್ಲ.

2016ರ ಋತುವನ್ನು ನೋಡಿ. ನ್ಯೂಯಾರ್ಕ್ ಮೆಟ್ಸ್ ತಂಡದ ಜ್ಯೂರಿಸ್ ಫಮೀಲಿಯಾ 51 ಸೇವ್‌ಗಳೊಡನೆ ಎಲ್ಲರಿಗಿಂತ ಮುಂದಿದ್ದನು. ಅಮೆರಿಕನ್ ಲೀಗಿನಲ್ಲಿ ಅಗ್ರಸ್ಥಾನ ಬಾಲ್ಟಿಮೋರಿನ ಝಾಕ್ ಬ್ರಿಟನ್‌ನದು: 47 ಬಾರಿ ಅವಕಾಶ, 47 ಬಾರಿಯೂ ರಕ್ಷಣೆ. 67 ಇನಿಂಗ್ಸ್‌ಗಳಲ್ಲಿ ಅವನ ಲೆಕ್ಕಕ್ಕೆ ಬಿದ್ದ ಓಟಗಳು ನಾಲ್ಕೇ ನಾಲ್ಕು!

ಅಕ್ಟೋಬರ್ 4ರ ರಾತ್ರಿ ಟೊರಾಂಟೋದಲ್ಲಿ ಬಾಲ್ಟಿಮೋರಿಗೆ ಸೋತರೆ ಮನೆಗೆ ಹೋಗಬೇಕಾದ ಆಟ. ಎರಡು ಓಟಕ್ಕೆ ಎರಡು ಸಮನಾಗಿ ಹೆಚ್ಚಿನ ಇನಿಂಗ್ಸ್‌ಗಳು ನಡೆದವು. ಪರಸ್ಥಳದ ತಂಡವು ಮುನ್ನಡೆ ದೊರೆಯುವವರೆಗೆ ತನ್ನ ಕಾವಲುಗಾರನನ್ನು ತಡೆದಿಟ್ಟುಕೊಳ್ಳಬೇಕೆಂಬುದು ರೂಢಿ. ನಾಯಕತ್ವ ವಹಿಸಿದ್ದ ಬಕ್ ಷೋವಾಲ್ಟರ್ ಅದನ್ನೇ ಪಾಲಿಸಿದನು. ಹನ್ನೊಂದನೆಯ ಇನಿಂಗ್ಸ್‌ನಲ್ಲಿ ಉಬಾಲ್ಡೋ ಹಿಮೆನೆಸ್ ಎಸೆದ ಚೆಂಡನ್ನು ಎಡ್ವಿನ್ ಎನ್‌ಕಾರ್ನಸಿಯೋನ್ ಬೇಲಿಯಾಚೆಗೆ ಅಟ್ಟಿದನು. ಮೂರು ಓಟಗಳು ಬಂದು ಬಾಲ್ಟಿಮೋರಿನ ಋತುವೇ ಮುಗಿಯಿತು. ಆ ರಾತ್ರಿ ಬ್ರಿಟನ್ ಎಸೆದ ಚೆಂಡು ಒಂದೂ ಇಲ್ಲ. ಬಾರದ ಮುನ್ನಡೆಗಾಗಿ ಭಂಡಾರದ ಬೀಗವನ್ನು ಹಾಗೆಯೇ ಇಟ್ಟುಕೊಂಡಿದ್ದರು.

ಮರುದಿನ ನ್ಯೂಯಾರ್ಕಿನಲ್ಲಿ ಇನ್ನೊಂದು ಬಗೆ. ಇತ್ತಂಡಗಳಿಗೂ ಓಟವೇ ಇಲ್ಲದೆ ಒಂಬತ್ತನೆಯ ಇನಿಂಗ್ಸ್ ಬಂದಿತು. ಮೆಟ್ಸ್‌ನವರು ಫಮೀಲಿಯಾನನ್ನೇ ಕಳುಹಿದರು. ಸ್ಯಾನ್ ಫ್ರಾನ್ಸಿಸ್ಕೋ ತಂಡದ ಕಾನರ್ ಗಿಲ್ಲಸ್ಪಿ ಅವನ ಚೆಂಡನ್ನು ಬೇಲಿ ದಾಟಿಸಿ ಮೂರು ಓಟ ತಂದನು. ಅಲ್ಲಿಗೆ ಮೆಟ್ಸ್ ಹೊರಬಿದ್ದರು. 51 ರಾತ್ರಿಗಳ ಕಾವಲು ಒಂದು ಹೊಡೆತದ ಮುಂದೆ ಯಾರ ನೆನಪಿಗೂ ಬರಲಿಲ್ಲ. ಆದರೂ ಇಬ್ಬರಲ್ಲಿ ಫಮೀಲಿಯಾನ ಪಾಡೇ ಮೇಲೆಂದು ನನಗೆ ತೋರುತ್ತದೆ. ಹೊಡೆತ ತಿನ್ನುವುದಕ್ಕಾದರೂ ಅವನನ್ನು ಕರೆದರಲ್ಲ!

ಅದರ ಮಾರನೆಯ ದಿನ, ಅಕ್ಟೋಬರ್ 6ರಂದು, ಕ್ಲೀವ್‌ಲೆಂಡ್ ತಂಡದ ಟೆರಿ ಫ್ರಾಂಕೋನಾ ಎಂಬ ನಾಯಕನು ತನ್ನ ಉತ್ತಮ ಪರಿಹಾರಕನಾದ ಆಂಡ್ರೂ ಮಿಲ್ಲರನನ್ನು ಐದನೆಯ ಇನಿಂಗ್ಸ್‌ನಲ್ಲಿಯೇ ಕಣಕ್ಕಿಳಿಸಿದನು. ಸೇವ್ ಬರಲಿ, ಬಿಡಲಿ. ಕಷ್ಟ ಎಲ್ಲಿತ್ತೋ ಅಲ್ಲಿಗೆ ಕಾವಲು. ಮುಂದೆ ಟೊರಾಂಟೋವನ್ನು ಸೋಲಿಸಿದ ಲೀಗ್ ಸರಣಿಯಲ್ಲಿ ಶ್ರೇಷ್ಠ ಆಟಗಾರನೆಂಬ ಬಹುಮಾನ ಸಂದದ್ದು ಆ ಮಿಲ್ಲರನಿಗೇ.